ಮಳೆಗಾಲದಲ್ಲಿ ಬ್ರೇಸ್ ಅಂಟಿಸಬೇಡಿ: ನಾನು ಗಿಟಾರ್ ಕಟ್ಟುವ ಕ್ರಮ

ಚಿಕ್ಕಂದಿನಿಂದ ಸಂಗೀತ ಕೇಳಿ ಪಳಗಿದ ಕಿವಿಯೇ ಗಿಟಾರ್ ಕಟ್ಟುವವರ ದೊಡ್ಡ ಬಂಡವಾಳ. ಆದರೆ ಬೆಂಗಳೂರಿನ ಹವೆಯಲ್ಲಿ ಕಿವಿಗಿಂತ ಮೊದಲು ನೋಡಬೇಕಾದದ್ದು ಗಾಳಿಯ ತೇವ.

ಮೇಲ್ಹಲಗೆಗೆ ಸಿಟ್ಕಾ ಸ್ಪ್ರೂಸ್ ಮರ, ಸುಮಾರು 2.8 ಮಿ.ಮೀ. ದಪ್ಪ. ಜುಲೈನ ಶೇ. 80 ತೇವದಲ್ಲಿ ಇದರ ಒಳಮೈಗೆ ಬ್ರೇಸ್, ಅಂದರೆ ಆಸರೆಯ ಮರದ ಪಟ್ಟಿ, ಅಂಟಿಸಿದಿರಿ ಅನ್ನಿ. ಮಾರ್ಚ್ ಮಧ್ಯಾಹ್ನ ತೇವ ಶೇ. 30ಕ್ಕೆ ಇಳಿದಾಗ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಅಡ್ಡ ಹಾಯ್ದ ಬ್ರೇಸ್ ಉದ್ದದಲ್ಲಿ ಕುಗ್ಗುವುದಿಲ್ಲ. ಈ ಎಳೆದಾಟಕ್ಕೆ ಹಲಗೆ ನಾರಿನ ಗುಂಟ ಸೀಳುತ್ತದೆ. ಅದಕ್ಕೇ ತೇವ ಅಳೆಯುವ ಹೈಗ್ರೋಮೀಟರ್ ಶೇ. 45 ತೋರಿಸುವ ಕೋಣೆಯಲ್ಲಿ ಹಲಗೆ, ಬ್ರೇಸ್ ಎರಡನ್ನೂ ವಾರವಿಡೀ ಇಟ್ಟು ಆಮೇಲೆ ಅಂಟಿಸುತ್ತೇನೆ. ಹೀಗೆ ಕಟ್ಟಿದ ಗಿಟಾರ್ ಮಳೆಗಾಲದಲ್ಲಿ ತುಸು ಉಬ್ಬಿ ತಂತಿ ಮೇಲೇರುತ್ತದೆ, ನಿಜ. ಅದಕ್ಕೆ ಇನ್ನೊಂದು ಕುಳ್ಳ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ) ಸಾಕು. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಲ್ಲದವರು ಮಳೆಗಾಲದಲ್ಲಿ ಬ್ರೇಸ್ ಬಿಟ್ಟು ನೆಕ್ (ಗಿಟಾರ್‌ನ ಕತ್ತು) ಕೆತ್ತಿಕೊಳ್ಳಲಿ.

ಪಕ್ಕಗಳಿಗೆ ನಮ್ಮ ಬೀಟೆಯೇ ಸೈ. ಕಾಗದಪತ್ರ ಸರಿಯಿರುವ ಮರವನ್ನೇ ಕೊಳ್ಳಿ. 2 ಮಿ.ಮೀ.ಗಿಂತ ದಪ್ಪ ಉಳಿದರೆ ಸೊಂಟದ ತಿರುವಿನಲ್ಲಿ ಚಟ್ಟೆಂದು ಮುರಿಯುತ್ತದೆ. ಬಾಗಿಸುವ ಕೊಳವೆಯ ಮೇಲೆ ಚಿಮುಕಿಸಿದ ನೀರಿನ ಹನಿ ಕುಣಿದು ಹಾರಬೇಕು, ಅಷ್ಟು ಕಾವು. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಅಸಿಟೋನ್‌ನಿಂದ ಒರೆಸಿ, ಅದು ಆರಿದ ತಕ್ಷಣ ಅಂಟು ಹಚ್ಚಿ ಕ್ಲಾಂಪ್ ಬಿಗಿಯಿರಿ.

ಕಿವಿಯ ಕೆಲಸ ಶುರುವಾಗುವುದು ಎಕ್ಸ್ ಬ್ರೇಸ್ (X ಆಕಾರದಲ್ಲಿ ಕೂಡುವ ಎರಡು ಬ್ರೇಸ್) ಕೆತ್ತುವಾಗ. ಅಗಲ 8, ಕೂಡುವಲ್ಲಿ ಎತ್ತರ 14 ಮಿ.ಮೀ., ತುದಿಗಳು 2–3ಕ್ಕೆ ಇಳಿಯಬೇಕು. ಹಲಗೆಯನ್ನು ಮೇಲಂಚಿನಲ್ಲಿ ಎರಡೇ ಬೆರಳಲ್ಲಿ ಹಿಡಿದು ಬ್ರಿಜ್ (ತಂತಿಗಳನ್ನು ಹಿಡಿಯುವ ಮರದ ತುಂಡು) ಕೂರುವ ಜಾಗಕ್ಕೆ ಬೆರಳಗಂಟಿನಿಂದ ತಟ್ಟಿ. ಮೊದಲು ಬರೀ ‘ಟಕ್’. ಉಳಿಯಿಂದ ಸಿಪ್ಪೆಯಷ್ಟು ತೆಗೆದು ಮತ್ತೆ ತಟ್ಟಿ. ನಾದ ತಗ್ಗಿ ‘ಢಂ’ ಎಂದು ನಿಂತು ಉಳಿಯತೊಡಗಿದಾಗ ಉಳಿ ಕೆಳಗಿಡಿ. ಲೈಟ್ ಗೇಜ್ ಉಕ್ಕಿನ ತಂತಿಗಳೇ ಒಟ್ಟು 70 ಕೆ.ಜಿ.ಗೂ ಮೀರಿ ಎಳೆಯುತ್ತವೆ. ಇನ್ನಷ್ಟು ಇಂಪಿನ ಆಸೆಗೆ ಕೆತ್ತುತ್ತ ಹೋದರೆ ಬ್ರಿಜ್‌ನ ಹಿಂದೆ ಹಲಗೆ ಉಬ್ಬಿ, ಮುಂದೆ ಕುಸಿಯುತ್ತದೆ.

ಸ್ಕೇಲ್, ಅಂದರೆ ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಸ್ಯಾಡಲ್‌ವರೆಗಿನ ಲೆಕ್ಕದ ಉದ್ದ, 645 ಮಿ.ಮೀ. ಇಟ್ಟರೆ, ಅದನ್ನು 17.817ರಿಂದ ಭಾಗಿಸಿ, ಮೊದಲ ಫ್ರೆಟ್ (ಸ್ವರಸ್ಥಾನದ ಲೋಹದ ಪಟ್ಟಿ) ನಟ್‌ನಿಂದ 36.2 ಮಿ.ಮೀ.ಗೆ ಬರುತ್ತದೆ. ಎಲ್ಲ ಫ್ರೆಟ್‌ಗಳನ್ನೂ ನಟ್‌ನಿಂದಲೇ ಅಳೆಯಿರಿ. ಒಂದರಿಂದ ಇನ್ನೊಂದಕ್ಕೆ ಅಳೆದರೆ ತಪ್ಪು ಕೂಡುತ್ತಾ ಹೋಗಿ ಮೇಲಿನ ಸ್ವರಗಳು ಅಪಶ್ರುತಿಯಾಗುತ್ತವೆ. ಸ್ಯಾಡಲ್ ಓರೆಯಾಗಿರಲಿ: ಸಣ್ಣ ತಂತಿಯ ಕಡೆ ಸುಮಾರು 2, ದಪ್ಪ ತಂತಿಯ ಕಡೆ ಸುಮಾರು 5 ಮಿ.ಮೀ., ಲೆಕ್ಕದ ಉದ್ದಕ್ಕಿಂತ ಹಿಂದಕ್ಕೆ.

ಸ್ಯಾಡಲ್‌ನ ನೆತ್ತಿ ಚಪ್ಪಟೆ ಉಳಿದರೆ ತಂತಿ ಅದನ್ನು ಸವರುತ್ತಾ ಝೇಂಕರಿಸುತ್ತದೆ. ತಂಬೂರಿಯ ಕುದುರೆಯ ಮೇಲೆ ದಾರವಿಟ್ಟು ನಾವು ಹುಡುಕುವುದು ಈ ಝೇಂಕಾರವನ್ನೇ. ಗಿಟಾರ್‌ನಲ್ಲಿ ಮಾತ್ರ, ತಂತಿ ಒಂದೇ ಗೆರೆಯಿಂದ ಹೊರಡುವವರೆಗೆ ಅದನ್ನು ಅರದಿಂದ ಉಜ್ಜಿ ತೆಗೆಯಬೇಕು.