ಹಳೆಯ ಕರ್ನಾಟಕ ಸಂಗೀತ ಕಛೇರಿಯ ರೆಕಾರ್ಡಿಂಗ್: ಒಳ್ಳೆಯದನ್ನು ಆರಿಸುವುದು ಹೇಗೆ?

78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು-ನಾಲ್ಕು ನಿಮಿಷ. ಆಮೇಲೆ ಬಂದ ಎಲ್‌ಪಿಯ ಒಂದು ಬದಿಯಲ್ಲಿ ಸಾಮಾನ್ಯವಾಗಿ 20-25 ನಿಮಿಷ. ಅಷ್ಟರೊಳಗೆ ತೋಡಿ ರಾಗದ ಆಲಾಪನೆ ಎಲ್ಲಿ ಮಾಡುವುದು, ನೆರವಲ್ (ಸಾಹಿತ್ಯದ ಒಂದು ಸಾಲನ್ನೇ ಬಗೆಬಗೆಯಾಗಿ ಹಾಡುವುದು) ಎಲ್ಲಿ, ತನಿ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಎಲ್ಲಿ? ವಿದ್ವಾಂಸರ ಮನೋಧರ್ಮ, ಅಂದರೆ ವೇದಿಕೆಯಲ್ಲೇ ಹೊಳೆದದ್ದನ್ನು ಹಾಡುವ ಕಲೆ, ಕೇಳಬೇಕೆಂದರೆ ಕಛೇರಿಯಲ್ಲೇ ಮಾಡಿದ ರೆಕಾರ್ಡಿಂಗ್ ಬೇಕು.

ಹುಡುಕಿದರೆ ಒಂದೇ ಕಛೇರಿಯ ಹಲವು ಪ್ರತಿಗಳು ಸಿಗುತ್ತವೆ. ಹೆಚ್ಚಿನವರು ಫೈಲು ಎಷ್ಟು ದೊಡ್ಡದು, ಎಷ್ಟು ಕೆಬಿಪಿಎಸ್ (ಪ್ರತಿ ಸೆಕೆಂಡಿಗೆ ಎಷ್ಟು ಡೇಟಾ) ಎಂದು ನೋಡಿ ಆರಿಸಿಬಿಡುತ್ತಾರೆ. ಅದು ಕೊನೆಗೆ ನೋಡಬೇಕಾದ ಸಂಗತಿ.

ಮೊದಲು ಮೂಲ ಪತ್ತೆ ಮಾಡಿ

ಕಛೇರಿ ಟೇಪಿಗೆ ಇಳಿದದ್ದು ಹೇಗೆ? ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ.

ಆಕಾಶವಾಣಿಯನ್ನೇ ತೆಗೆದುಕೊಳ್ಳಿ. ಅದರ ಸಂಗೀತ ಸಮ್ಮೇಳನ ಶುರುವಾದದ್ದು 1954ರಲ್ಲಿ. ಅಲ್ಲಿನ ಕಛೇರಿಗಳನ್ನು ಪಳಗಿದ ಎಂಜಿನಿಯರುಗಳು ಒಳ್ಳೆಯ ಮೈಕ್ ಇಟ್ಟು ರೀಲಿಗೆ ಇಳಿಸಿದ್ದರು. ಆ ರೀಲಿನಿಂದಲೇ ಬಂದ ಸಿಡಿ ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಅದೇ ಕಛೇರಿಯನ್ನು ಯಾರೋ ಮನೆಯ ರೇಡಿಯೊದಿಂದ ಕ್ಯಾಸೆಟ್ಟಿಗೆ ಹಿಡಿದಿದ್ದರೆ ಕಥೆ ಬೇರೆ. ಮೀಡಿಯಂ ವೇವ್‌ನಲ್ಲಿ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ನಮಗೆ ತಲುಪುವುದೇ ಕಡಿಮೆ. ತಂಬೂರದ ಝೇಂಕಾರ ಮಂಕಾಗುತ್ತದೆ, ಖಂಜಿರದ ಬಿಲ್ಲೆಗಳ ಸದ್ದು ಮಾಯವಾಗುತ್ತದೆ. ಇಂಥ ಟೇಪನ್ನು ಎಷ್ಟು ದೊಡ್ಡ ಫೈಲಿಗೆ ಏರಿಸಿದರೂ ಹೋದದ್ದು ಹೋಯಿತು.

ಇನ್ನು ರಸಿಕರು ಸಭಾಂಗಣದಲ್ಲಿ ಮಾಡಿಕೊಂಡ ಟೇಪುಗಳು. ಮೈಕುಗಳ ಸದ್ದೆಲ್ಲ ಬಂದು ಸೇರುವ ಮಿಕ್ಸರಿನಿಂದ ನೇರ ತಂತಿ ಎಳೆದಿದ್ದರೆ ಗಾಯಕರ ಧ್ವನಿ ಸ್ವಚ್ಛವಾಗಿರುತ್ತದೆ. ಆದರೆ ಚಿಕ್ಕ ಹಾಲ್‌ನಲ್ಲಿ ಮೃದಂಗ, ಘಟಕ್ಕೆ ಮೈಕಿನ ನೆರವು ಅಷ್ಟಾಗಿ ಬೇಡ, ಹಾಗಾಗಿ ಟೇಪಿನಲ್ಲಿ ಅವು ಸೊರಗಿರಬಹುದು. ತೊಡೆಯ ಮೇಲೆ ರೆಕಾರ್ಡರ್ ಇಟ್ಟುಕೊಂಡು ಮಾಡಿದ್ದರಲ್ಲಿ ಎಲ್ಲವೂ ಇರುತ್ತದೆ: ಹಾಲ್‌ನ ಪ್ರತಿಧ್ವನಿ, ಕೆಮ್ಮು, ಪಕ್ಕದವರು ಹಾಕುವ ತಾಳ. ಅದೂ ಒಮ್ಮೊಮ್ಮೆ ತಪ್ಪು ತಾಳ! ಬೆಂಗಳೂರಿನ ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳಂತೆ ಚಪ್ಪರದ ಕೆಳಗೆ ನಡೆದವುಗಳಲ್ಲಿ ಗೋಡೆಯ ಪ್ರತಿಧ್ವನಿ ಕಾಡುವುದಿಲ್ಲ, ಆದರೆ ಹೊರಗಿನ ರಸ್ತೆಯ ಆಟೊ, ಬಸ್ಸು ಒಳಗೆ ಬಂದುಬಿಡುತ್ತವೆ. ನನಗೇನೂ ಅದು ತೊಂದರೆ ಅನ್ನಿಸುವುದಿಲ್ಲ. ಹಾರ್ನ್ ಬಂದು ಹೋಗುತ್ತದೆ. ಮಿಕ್ಸರಿನಲ್ಲಿ ಕೆಟ್ಟ ಸಮತೋಲ ಮೂರು ಗಂಟೆಯೂ ಹಾಗೇ ಇರುತ್ತದೆ.

ನಾಲ್ಕು ಕಡೆ ಕೇಳಿ ನೋಡಿ

ಇಡೀ ಕಛೇರಿ ಕೇಳಿ ತೀರ್ಮಾನಿಸಬೇಕಿಲ್ಲ. ಒಂದು ಜೊತೆ ಹೆಡ್‌ಫೋನ್ ಸಾಕು. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಮೃದಂಗದ ಎಡಭಾಗವೇ ಕೇಳುವುದಿಲ್ಲ.

ಹಾಡು ಶುರುವಾಗುವ ಮುಂಚೆ ತಂಬೂರ ಮಾತ್ರ ನುಡಿಯುವ ಕೆಲವು ಸೆಕೆಂಡುಗಳನ್ನು ಮೊದಲು ಕೇಳಿ. ಅಲ್ಲಿ ಸುಯ್ ಎನ್ನುವ ಟೇಪಿನ ಸದ್ದು ಇದ್ದರೆ ಹೆದರಬೇಡಿ, ಹತ್ತು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ಹೆದರಬೇಕಾದದ್ದು ಆ ಸದ್ದು ಒಂಚೂರೂ ಇಲ್ಲದ ಹಳೆಯ ಟೇಪಿಗೆ. ಸಾಫ್ಟ್‌ವೇರ್ ಹಾಕಿ ಜಾಸ್ತಿ ತೊಳೆದಿರುತ್ತಾರೆ. ಸುಯ್ ಸದ್ದಿನ ಜೊತೆ ತಂಬೂರವೂ ಹೋಗಿ, ನೀರಿನೊಳಗೆ ಕೂತು ಹಾಡಿದಂತೆ ಕೇಳುತ್ತದೆ. ಚೌಡಯ್ಯ ಮತ್ತು ದೊರೆಸ್ವಾಮಿ ಅಯ್ಯಂಗಾರ್ ಅವರ ಪಿಟೀಲು-ವೀಣೆ ಜೋಡಿವಾದನದಂಥ ರೆಕಾರ್ಡಿಂಗಿಗೆ ಇದರಿಂದ ಆಗುವ ನಷ್ಟ ಇನ್ನೂ ದೊಡ್ಡದು. ವೀಣೆಯ ತಂತಿ ಮೀಟಿದ ಮೇಲೆ ನಾದ ನಿಧಾನವಾಗಿ ಇಳಿಯುತ್ತದಲ್ಲ, ಆ ಬಾಲವನ್ನೇ ಸಾಫ್ಟ್‌ವೇರ್ ಗದ್ದಲ ಎಂದುಕೊಂಡು ಕತ್ತರಿಸಿಬಿಡುತ್ತದೆ.

ಎರಡನೆಯದು ತಾರಸ್ಥಾಯಿ. ಗಾಯಕರು ಮೇಲಿನ ಷಡ್ಜ ದಾಟಿ ನಿಂತಾಗ ಧ್ವನಿ ಕರಕರ ಒಡೆದರೆ ಆ ಪ್ರತಿ ಬಿಡಿ. ಚಪ್ಪಾಳೆಯಲ್ಲಿ ಮಾತ್ರ ಒಡೆದರೆ ಪರವಾಗಿಲ್ಲ.

ಮೂರನೆಯದು ತನಿ ಆವರ್ತನ. ಮೃದಂಗದ ಗುಮ್ಕಿ, ಅಂದರೆ ಎಡಭಾಗದ ಗುಂಯ್ ಎನ್ನುವ ನಾದ, ತುಂಬಿ ಬರಬೇಕು, ಬಲಗೈಯ ಚಾಪು ಎಂಬ ಹೊಡೆತ ಬೇರೆಯಾಗಿ ಕೇಳಬೇಕು. ಎರಡೂ ಕೇಳಿಸಿದರೆ ಉಳಿದದ್ದೂ ಬಹುಮಟ್ಟಿಗೆ ಸರಿ ಇದೆ ಎಂದು ಲೆಕ್ಕ.

ನಾಲ್ಕನೆಯದು 45ನೇ ನಿಮಿಷ. ಸಿ-90 ಕ್ಯಾಸೆಟ್ಟಿನ ಒಂದು ಬದಿ ಮುಗಿಯುವುದು ಅಲ್ಲಿಗೆ. ತಿರುಗಿಸಿ ಹಾಕುವಷ್ಟರಲ್ಲಿ ಕಾಂಬೋಜಿ ರಾಗದ ಅರ್ಧ ನಿಮಿಷ ಹೋಗಿರುತ್ತದೆ. ಅದನ್ನು ಗೊತ್ತಾಗದಂತೆ ಬೆಸೆದಿದ್ದಾರೋ, ಇಡೀ ಆಲಾಪನೆಯೇ ನಾಪತ್ತೆಯೋ ನೋಡಿ.

ಶ್ರುತಿ ಎಲ್ಲಿದೆ?

ಇದನ್ನು ಸುಮಾರು ಜನ ನೋಡುವುದೇ ಇಲ್ಲ. ಟೇಪು ಸುಮಾರು ಶೇ 6ರಷ್ಟು ಜೋರಾಗಿ ಓಡಿದರೆ ಶ್ರುತಿ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇರುವಷ್ಟು) ಏರುತ್ತದೆ. ಒಂದು ಮನೆಯಲ್ಲಿ ಹಾಡಿದವರು ಒಂದೂವರೆಯಲ್ಲಿ ಹಾಡಿದಂತೆ ಕೇಳುತ್ತದೆ, ದನಿ ತೆಳ್ಳಗಾಗುತ್ತದೆ, ಕಾಲವೂ ಓಡುತ್ತದೆ. ಫೋನಿನ ಶ್ರುತಿ ಆ್ಯಪ್ ಹಚ್ಚಿ ಮೊದಲ ಕೃತಿಗೂ ಕೊನೆಯ ಮಂಗಳಕ್ಕೂ ಹೊಂದಿಸಿ ನೋಡಿ. ಕೊನೆಗೆ ಶ್ರುತಿ ಮೇಲೇರಿದ್ದರೆ ರೆಕಾರ್ಡ್ ಮಾಡುವಾಗ ಬ್ಯಾಟರಿ ಇಳಿಯುತ್ತಾ ಹೋಗಿರಬಹುದು. ಆಗ ಟೇಪು ನಿಧಾನವಾಗಿ ಓಡಿತ್ತು, ಈಗ ಸರಿಯಾದ ವೇಗದಲ್ಲಿ ಹಾಕಿದರೆ ಏರಿದಂತೆ ಕೇಳುತ್ತದೆ. ಶುರುವಿನಿಂದ ಕೊನೆಯವರೆಗೆ ಒಂದೇ ಸಮ ತಪ್ಪಿದ್ದರೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗ ಬದಲಿಸಿ ಸರಿ ಮಾಡಬಹುದು. ಜಾರುತ್ತಾ ಹೋಗಿದ್ದರೆ ಬೇರೆ ಪ್ರತಿ ಹುಡುಕುವುದೇ ವಾಸಿ.

ಫೈಲು, ಸಿಡಿ

ಈಗ ಕೆಬಿಪಿಎಸ್ ನೋಡಬಹುದು. ಒಳ್ಳೆಯ ಮೂಲವಿದ್ದರೆ ಫ್ಲ್ಯಾಕ್ (ಸದ್ದಿನಲ್ಲಿ ಏನನ್ನೂ ಬಿಡದೆ ಉಳಿಸುವ ಫೈಲು) ಅಥವಾ 320 ಕೆಬಿಪಿಎಸ್‌ನ ಎಂಪಿ3 ತೆಗೆದುಕೊಳ್ಳಿ. ಆದರೆ 128ರ ಎಂಪಿ3ಯನ್ನೇ ಫ್ಲ್ಯಾಕ್‌ಗೆ ಬದಲಿಸಿ ಹಂಚುವವರೂ ಇದ್ದಾರೆ. ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ ಎನ್ನುವ ಉಚಿತ ತಂತ್ರಾಂಶದಲ್ಲಿ ಅಂಥ ಫೈಲನ್ನು ತೆರೆದರೆ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಹತ್ತಿರ ಚಿತ್ರ ಗೆರೆ ಎಳೆದಂತೆ ನಿಂತಿರುತ್ತದೆ. ಅದು ಸುಮ್ನೆ ಜಾಗ ತಿನ್ನುತ್ತದೆ, ಅಷ್ಟೇ.

ಸಿಡಿಯಲ್ಲಿ ಹಿಡಿಯುವುದು ಸುಮಾರು 80 ನಿಮಿಷ. ಮೂರು ಗಂಟೆಯ ಕಛೇರಿ ಒಂದೇ ತಟ್ಟೆಯಲ್ಲಿದ್ದರೆ ಅದು ಆಯ್ದ ಭಾಗ ಎಂದೇ ಅರ್ಥ. ಹೆಚ್ಚಾಗಿ ಕತ್ತರಿ ಬೀಳುವುದು ತನಿಗೆ. ಚೆನ್ನೈನ ಡಿಸೆಂಬರ್ ಸೀಸನ್ನಿನ ಕಛೇರಿಗಳನ್ನು ಚಾರ್ಸುರ್‌ನಂಥ ಸಂಸ್ಥೆಗಳು ಸಿಡಿಯಾಗಿ ತಂದಿವೆ. ಕೊಳ್ಳುವ ಮುಂಚೆ ಹಿಂಬದಿಯಲ್ಲಿ ಪಕ್ಕವಾದ್ಯದವರ ಹೆಸರು, ವರ್ಷ, ಪ್ರತಿ ಹಾಡಿನ ನಿಮಿಷ ಓದಿ.

ಮೋನೊ (ಎರಡೂ ಕಿವಿಗೆ ಒಂದೇ ಸದ್ದು) ಎಂದು ಹಳೆಯದನ್ನು ತಳ್ಳಿಹಾಕಬೇಡಿ. ಮೋನೊವನ್ನು ಬಲವಂತವಾಗಿ ಸ್ಟೀರಿಯೊ ಮಾಡಿದ್ದು ಅದಕ್ಕಿಂತ ಕೆಟ್ಟದು. ಹೆಡ್‌ಫೋನಿನಲ್ಲಿ ಗಾಯಕರು ಎಲ್ಲಿ ಕೂತಿದ್ದಾರೆ ಎಂದೇ ತಿಳಿಯುವುದಿಲ್ಲ.

ಕೊನೆಗೆ ಎರಡು ಪ್ರತಿ ಉಳಿದರೆ ಒಂದೇ ವಾಲ್ಯೂಮಿಗೆ ತಂದು ಹೋಲಿಸಿ. ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ಒಂದರಲ್ಲಿ ರಾಗ ಚೆನ್ನಾಗಿದ್ದು ಇನ್ನೊಂದರಲ್ಲಿ ತನಿ ಪೂರ್ತಿ ಇದ್ದರೆ ಎರಡನ್ನೂ ಇಟ್ಟುಕೊಳ್ಳಿ. ಫೈಲಿನ ಹೆಸರಿನಲ್ಲೇ ಊರು, ವರ್ಷ, ಪಕ್ಕವಾದ್ಯ, ಜೊತೆಗೆ ‘ರೇಡಿಯೊ’, ‘ಮಿಕ್ಸರ್’ ಅಥವಾ ‘ಸಭೆ’ ಎಂದು ಮೂಲವನ್ನೂ ಬರೆದಿಡಿ.