ಜೋತುಬಿದ್ದ ಬಾಗಿಲ ಹ್ಯಾಂಡಲ್ ನಾನೇ ಬದಲಿಸಿದ್ದು

ಬಾಗಿಲ ಹ್ಯಾಂಡಲ್ ಬದಲಿಸುವುದರಲ್ಲಿ ಕಷ್ಟದ ಕೆಲಸ ಯಾವುದು ಅಂತ ಕೇಳಿದರೆ, ಅಳತೆ ತೆಗೆದುಕೊಳ್ಳುವುದು ಅಂತ ಹೇಳುತ್ತೇನೆ. ಹಳೆಯದನ್ನು ಬಿಚ್ಚುವುದು, ಹೊಸದನ್ನು ಕೂರಿಸುವುದು ಎರಡೂ ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಿಗಾದರೂ ಆಗುವಂಥದ್ದು. ಆದರೆ ಅಂಗಡಿಯ ಗೋಡೆ ತುಂಬ ನೇತುಹಾಕಿದ ಹ್ಯಾಂಡಲ್‌ಗಳಲ್ಲಿ ಚೆಂದ ಕಂಡಿದ್ದನ್ನು ಸುಮ್ನೆ ತಂದರೆ, ಅದು ನಮ್ಮ ಬಾಗಿಲಿಗೆ ಹೊಂದದೇ ಹೋಗುವ ಸಾಧ್ಯತೆಯೇ ಜಾಸ್ತಿ. ಹ್ಯಾಂಡಲ್ ಎಷ್ಟೇ ಚೆಂದ ಇರಲಿ, ಬಾಗಿಲ ಒಳಗೆ ಕೂತಿರುವ ಲಾಕ್ ಹೇಳಿದ ಹಾಗೆ ಅದು ಕೇಳಬೇಕು.

ನಮ್ಮ ಮಲಗುವ ಕೋಣೆಯ ಬಾಗಿಲಿನದು ಉದ್ದ ಪಟ್ಟಿಯ ಹ್ಯಾಂಡಲ್. ಮೇಲೆ ಹಿಡಿ, ಕೆಳಗೆ ಕೀ ಹಾಕುವ ತೂತು, ಎರಡೂ ಒಂದೇ ಲೋಹದ ಪಟ್ಟಿಯ ಮೇಲೆ. ಒಳಗಡೆಯ ಹಿಡಿ ಜೋತುಬಿದ್ದು ಬಹಳ ಕಾಲವಾಗಿತ್ತು. ಕೈಯಲ್ಲಿ ಎತ್ತಿದರೆ ನೆಟ್ಟಗಾಗುತ್ತಿತ್ತು, ಬಿಟ್ಟರೆ ಮತ್ತೆ ಕೆಳಗೆ. ಹೊರಗಡೆಯದು ಲೊಡಲೊಡ ಅಲ್ಲಾಡುತ್ತಿತ್ತು. ಮನೆಯವರೆಲ್ಲ ಅದಕ್ಕೆ ಒಗ್ಗಿಹೋಗಿದ್ದೆವು. ಯಾರಾದರೂ ನೆಂಟರು ಬಂದಾಗ ಮಾತ್ರ "ಸ್ವಲ್ಪ ಮೇಲೆತ್ತಿ, ಆಮೇಲೆ ಒತ್ತಿ" ಅಂತ ಪಾಠ ಹೇಳಿಕೊಡಬೇಕಿತ್ತು. ಕೊನೆಗೆ ಹೊರಗಿನ ಹಿಡಿ ಎಳೆದವರ ಕೈಗೇ ಬರಲು ಶುರುವಾದಾಗ ಇನ್ನು ತಡಮಾಡುವಂತಿರಲಿಲ್ಲ.

ಹೊಸದು ತರುವ ಮೊದಲು ಕಾಯಿಲೆ ಹ್ಯಾಂಡಲಿನದೋ ಲಾಕಿನದೋ ಅಂತ ನೋಡಿಕೊಳ್ಳಬೇಕು. ಬಾಗಿಲ ಅಂಚಿನಲ್ಲಿ ಕೊರೆದ ಗೂಡಿನೊಳಗೆ ಒಂದು ಚಪ್ಪಟೆ ಪೆಟ್ಟಿಗೆ ಇರುತ್ತದೆ. ಅದೇ ಮಾರ್ಟಿಸ್ ಲಾಕ್. ಅದರಲ್ಲೊಂದು ಚೌಕ ತೂತು, ಆ ತೂತಿನ ಮೂಲಕ ಈ ಕಡೆಯಿಂದ ಆ ಕಡೆಗೆ ಹೋಗುವ ಒಂದು ಚೌಕನೆಯ ಉಕ್ಕಿನ ಕಡ್ಡಿ. ಸ್ಪಿಂಡಲ್ ಅನ್ನುವುದು ಇದನ್ನೇ. ಎರಡೂ ಕಡೆಯ ಹಿಡಿಗಳು ಇದಕ್ಕೇ ಸಿಕ್ಕಿಕೊಂಡಿರುತ್ತವೆ. ಹಿಡಿ ಒತ್ತಿದರೆ ಸ್ಪಿಂಡಲ್ ತಿರುಗಿ ಲಾಕಿನ ನಾಲಿಗೆಯನ್ನು ಒಳಗೆಳೆಯುತ್ತದೆ. ಕೈ ಬಿಟ್ಟಾಗ ಹಿಡಿ ಮೇಲೆ ಬರುವುದು ಸ್ಪ್ರಿಂಗಿನಿಂದ. ಈ ಸ್ಪ್ರಿಂಗ್ ಕೆಲವು ಬಾಗಿಲುಗಳಲ್ಲಿ ಲಾಕಿನ ಪೆಟ್ಟಿಗೆಯೊಳಗೆ ಮಾತ್ರ ಇರುತ್ತದೆ, ಕೆಲವುಗಳಲ್ಲಿ ಹ್ಯಾಂಡಲಿನ ಪಟ್ಟಿಯ ಹಿಂದೆಯೂ ಒಂದಿರುತ್ತದೆ. ಎಲ್ಲಿಯದು ಸತ್ತಿದೆ ಅನ್ನುವುದೇ ಪ್ರಶ್ನೆ.

ಪರೀಕ್ಷೆ ಸುಲಭ. ಎರಡೂ ಹಿಡಿಗಳನ್ನು ತೆಗೆದು ಸ್ಪಿಂಡಲ್ ಒಂದನ್ನೇ ಲಾಕಿನೊಳಗೆ ಬಿಟ್ಟು, ಇಕ್ಕಳದಲ್ಲಿ ಹಿಡಿದು ತಿರುಗಿಸಿ. ನಾಲಿಗೆ ಒಳಗೆ ಹೋಗಬೇಕು, ಇಕ್ಕಳ ಸಡಿಲಿಸಿದ ತಕ್ಷಣ ಟಕ್ ಅಂತ ಹೊರಗೆ ಬರಬೇಕು, ಸ್ಪಿಂಡಲ್ಲೂ ತನ್ನ ಜಾಗಕ್ಕೆ ವಾಪಸಾಗಬೇಕು. ನಮ್ಮದು ಹಾಗೇ ಆಯಿತು. ಅಂದರೆ ಲಾಕಿಗೆ ಏನೂ ಆಗಿರಲಿಲ್ಲ. ಪಟ್ಟಿಯ ಹಿಂಬದಿ ತಿರುಗಿಸಿ ನೋಡಿದರೆ ಅಲ್ಲಿನ ಪುಟ್ಟ ಸ್ಪ್ರಿಂಗ್ ಎರಡು ತುಂಡಾಗಿ ಕೂತಿತ್ತು. ಲಾಕಿನ ಸ್ಪ್ರಿಂಗ್ ಒಂದೇ ನಾಲಿಗೆಯನ್ನೂ ತಳ್ಳಿ, ಎರಡು ಭಾರದ ಹಿಡಿಗಳನ್ನೂ ಎತ್ತಿ ಹಿಡಿಯಲು ಹೆಣಗಾಡುತ್ತಿತ್ತು, ಅಷ್ಟೇ. ಒಂದು ವೇಳೆ ಸ್ಪಿಂಡಲ್ ಮಂಕಾಗಿ ತಿರುಗಿ ಅಲ್ಲೇ ನಿಂತರೆ ಲಾಕನ್ನೂ ಬದಲಿಸಬೇಕು. ಅದನ್ನು ಬಿಟ್ಟು ಬರೀ ಹ್ಯಾಂಡಲ್ ಹಾಕಿದರೆ ಹೊಸದೂ ನಾಲ್ಕು ದಿನಕ್ಕೆ ಜೋತುಬೀಳುತ್ತದೆ.

ಬಿಚ್ಚುವಾಗ ಮೊದಲು ಬಾಗಿಲು ಪೂರ್ತಿ ತೆರೆದು, ಕೆಳಗೆ ಚಪ್ಪಲಿಯೋ ಮಡಚಿದ ಪೇಪರ್ರೋ ಸಿಕ್ಕಿಸಿಬಿಡಿ. ಹ್ಯಾಂಡಲ್ ಇಲ್ಲದ ಬಾಗಿಲು ಗಾಳಿಗೆ ಹಾಕಿಕೊಂಡರೆ ಒಳಗಿದ್ದವರು ಒಳಗೇ. ಹಾಗೇನಾದರೂ ಆದರೆ ಗಾಬರಿ ಬೇಡ. ಚೌಕ ತೂತಿಗೆ ಅಗಲ ಬಾಯಿಯ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದರೆ ನಾಲಿಗೆ ಹಿಂದೆ ಸರಿಯುತ್ತದೆ. ಅದಕ್ಕೇ ನಾನು ಒಂದು ಸ್ಕ್ರೂಡ್ರೈವರನ್ನು ಕೋಣೆಯ ಒಳಗೆ, ಇನ್ನೊಂದನ್ನು ಹೊರಗೆ ಇಟ್ಟುಕೊಂಡಿದ್ದೆ.

ನಮ್ಮ ಪಟ್ಟಿಯ ಸ್ಕ್ರೂಗಳ ತಲೆಯ ಮೇಲೆ ಬಾಗಿಲಿಗೆ ಹೊಡೆದ ಬಣ್ಣ ಕೂತು ಸ್ಕ್ರೂಡ್ರೈವರ್ ಕೂರುವ ಸೀಳೇ ಮುಚ್ಚಿಹೋಗಿತ್ತು. ಹಾಗಿರುವಾಗ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ, ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಬ್ಲೇಡಿನ ಮೂಲೆಯಿಂದ ಸೀಳಿನಲ್ಲಿದ್ದ ಬಣ್ಣ ಕೆರೆದು ತೆಗೆದೆ. ಪಟ್ಟಿಯ ಸುತ್ತಲೂ ಒಮ್ಮೆ ಬ್ಲೇಡ್ ಎಳೆದೆ, ಇಲ್ಲದಿದ್ದರೆ ಪಟ್ಟಿ ಎತ್ತುವಾಗ ಬಾಗಿಲ ಬಣ್ಣವೂ ಸಿಪ್ಪೆಯಂತೆ ಎದ್ದು ಬರುತ್ತದೆ. ತುಕ್ಕು ಹಿಡಿದ ಒಂದು ಸ್ಕ್ರೂ ಬಿಗಿಯಾಗಿ ಕೂತಿತ್ತು. ಅದನ್ನು ಮೊದಲು ಕೂದಲೆಳೆಯಷ್ಟು ಬಿಗಿಮಾಡುವ ಕಡೆಗೇ ತಿರುಗಿಸಿ, ಆಮೇಲೆ ಸಡಿಲಿಸುವ ಕಡೆಗೆ ತಿರುಗಿಸಿದಾಗ ಬಿಟ್ಟಿತು. ಹಿಡಿಯ ಕತ್ತಿನ ಕೆಳಗೆ ಕಣ್ಣಿಗೆ ಬೀಳದ ಹಾಗೆ ತಲೆಯಿಲ್ಲದ ಒಂದು ಮೋಟು ಸ್ಕ್ರೂ ಇರುತ್ತದೆ, ಅದಕ್ಕೆ ಆರು ಮೂಲೆಯ ಬಾಗಿದ ಕಡ್ಡಿ, ಅಂದರೆ ಅಲೆನ್ ಕೀ ಬೇಕು. ಹೊರಗಿನ ಹಿಡಿ ಕೈಗೆ ಬರುತ್ತಿದ್ದುದು ಇದು ಸಡಿಲವಾಗಿದ್ದರಿಂದ. ನಿಮ್ಮ ಹ್ಯಾಂಡಲಿನ ತೊಂದರೆ ಇದೊಂದೇ ಆಗಿದ್ದರೆ ಹೊಸದು ಬೇಡವೇ ಬೇಡ, ಅದನ್ನು ಬಿಗಿಮಾಡಿದರೆ ಸಾಕು.

ಈಗ ಅಳತೆ. ಮೊದಲನೆಯದು, ಮತ್ತು ಉದ್ದ ಪಟ್ಟಿಯ ಹ್ಯಾಂಡಲಿಗೆ ತೀರಾ ಮುಖ್ಯವಾದದ್ದು, ಚೌಕ ತೂತಿನ ನಡುವಿನಿಂದ ಕೀ ಹಾಕುವ ತೂತಿನ ನಡುವಿನವರೆಗಿನ ದೂರ. ಕೀ ತಿರುಗಿಸುವ ಭಾಗ ಉದ್ದನೆಯ ಲೋಹದ ಸಿಲಿಂಡರ್ ಆಗಿರುವ ಲಾಕ್ ಆದರೆ ಕೀ ತೂರುವ ದುಂಡನೆಯ ಭಾಗದ ನಡುವಿನವರೆಗೆ ಅಳೆಯಬೇಕು, ಇಡೀ ತೂತಿನ ನಡುವಿಗಲ್ಲ. ನಮ್ಮದು 85 ಮಿ.ಮೀ. ಬಂತು. 72 ಮಿ.ಮೀ. ಲಾಕ್‌ಗಳೂ ಬಹಳ ಇವೆ, ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬಾಗಿಲುಗಳಲ್ಲಿ 92 ಸಾಮಾನ್ಯ. ಇದರಲ್ಲಿ ಎರಡು ಮಿ.ಮೀ. ತಪ್ಪಿದರೂ ಹಿಡಿ ಸರಿಯಾಗಿ ಕೂತಾಗ ಕೀ ಹೋಗುವುದಿಲ್ಲ, ಕೀ ಹೋಗುವಂತೆ ಕೂರಿಸಿದರೆ ಹಿಡಿ ಸಿಕ್ಕಿಕೊಳ್ಳುತ್ತದೆ. ಹಿಡಿಗೊಂದು, ಕೀ ತೂತಿಗೊಂದು ಅಂತ ಬೇರೆ ಬೇರೆ ದುಂಡು ಬಿಲ್ಲೆ ಇರುವ ಹ್ಯಾಂಡಲ್‌ಗೆ ಈ ತಲೆನೋವಿಲ್ಲ. ಆದರೆ ಉದ್ದ ಪಟ್ಟಿ ತೆಗೆದು ಬಿಲ್ಲೆ ಹಾಕಿದರೆ ಹಳೆಯ ಸ್ಕ್ರೂ ತೂತುಗಳು, ಬಣ್ಣ ಕಾಣದ ಜಾಗ ಎಲ್ಲ ಬಯಲಾಗುತ್ತದೆ. ಬಾಗಿಲಿಗೆ ಹೇಗಿದ್ದರೂ ಬಣ್ಣ ಹೊಡೆಸುವ ಯೋಚನೆ ಇದ್ದರೆ ಸರಿ, ಇಲ್ಲದಿದ್ದರೆ ಪಟ್ಟಿಗೆ ಪಟ್ಟಿಯೇ ವಾಸಿ. ಹೊಸ ಪಟ್ಟಿ ಹಳೆಯದಕ್ಕಿಂತ ಒಂದಿಷ್ಟು ದೊಡ್ಡದೇ ಇರಲಿ ಅಂತ ಅದರ ಉದ್ದ, ಅಗಲ ಎರಡನ್ನೂ ಬರೆದುಕೊಂಡೆ.

ಆಮೇಲೆ ಸ್ಪಿಂಡಲ್‌ನ ದಪ್ಪ. ಸಾಮಾನ್ಯವಾಗಿ 8 ಮಿ.ಮೀ. ಇರುತ್ತದೆ, 7 ಮಿ.ಮೀ.ಯದೂ ಉಂಟು. ಚಪ್ಪಟೆ ಬದಿಯಿಂದ ಬದಿಗೆ ಅಳೆಯಬೇಕು, ಮೂಲೆಯಿಂದ ಮೂಲೆಗಲ್ಲ. ಮೂಲೆಯಿಂದ ಅಳೆದರೆ 8 ಮಿ.ಮೀ. ಕಡ್ಡಿ 11 ದಾಟಿ ಕಾಣುತ್ತದೆ. 8ರ ತೂತಿಗೆ 7ರ ಕಡ್ಡಿ ಹಾಕಿದರೆ ಹೊಸ ಹ್ಯಾಂಡಲ್ಲೂ ಮೊದಲ ದಿನವೇ ಲೊಡಲೊಡ. ಕೊನೆಗೆ ಬಾಗಿಲ ದಪ್ಪ. ನಮ್ಮದು 35 ಮಿ.ಮೀ. ಸ್ಪಿಂಡಲ್ ಎಷ್ಟು ಉದ್ದ ಬೇಕು, ಸ್ಕ್ರೂ ಎಷ್ಟು ಉದ್ದ ಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಇಷ್ಟೆಲ್ಲ ಬರೆದುಕೊಂಡ ಮೇಲೂ ಹಳೆಯ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೇ ಅಂಗಡಿಗೆ ಹೋದೆ. ಹೊಸದರ ಬೆನ್ನಿಗೆ ಅದನ್ನು ಹಿಡಿದು ಬೆಳಕಿಗೆ ನೋಡಿದರೆ ತೂತಿಗೆ ತೂತು ಕೂರುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಯಾವ ಲೋಹ ಅನ್ನುವ ವಿಷಯಕ್ಕೆ ಬಂದರೆ, ಹೊಳೆಯುವ ಹ್ಯಾಂಡಲ್‌ಗಳಲ್ಲಿ ಬಹುಪಾಲು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮೇಲೆ ಲೇಪ ಕೊಟ್ಟಿದ್ದು. ಕೆಟ್ಟದ್ದೇನಲ್ಲ, ಆದರೆ ಬಾಗುವ ಬದಲು ಮುರಿಯುತ್ತದೆ. ಮುರಿಯುವುದು ಹೆಚ್ಚಾಗಿ ಕತ್ತಿನ ಹತ್ತಿರ, ಸ್ಪಿಂಡಲ್ ಕೂರುವ ತೂತಿನ ಗೋಡೆ ತೆಳ್ಳಗಿರುವಲ್ಲಿ. ಕೈಯಲ್ಲಿ ತೂಗಿ ನೋಡಿ "ಗಟ್ಟಿ ಇದೆ" ಅನ್ನುವುದರಲ್ಲಿ ಅರ್ಥವಿಲ್ಲ, ಸತುವೂ ಭಾರವೇ. ಆಯಸ್ಕಾಂತ ಹಿಡಿದು ನೋಡುವವರೂ ಇದ್ದಾರೆ. ಹಿತ್ತಾಳೆಗೂ ಅಂಟುವುದಿಲ್ಲ, ಸತುವಿಗೂ ಅಂಟುವುದಿಲ್ಲ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ ಅಂಟುವುದಿಲ್ಲ ಅನ್ನಬಹುದು, ಅಂದಮೇಲೆ ಏನು ತಿಳಿದ ಹಾಗಾಯಿತು? ನಾನು ನೋಡಿದ್ದು ಬೆನ್ನಿನ ಕಡೆ. ಸ್ಪ್ರಿಂಗ್ ಕೂತಿರುವ ಜಾಗ ಲೋಹದ್ದೋ ಪ್ಲಾಸ್ಟಿಕ್ಕೋ, ಕತ್ತಿನ ತೂತಿನ ಸುತ್ತ ಎಷ್ಟು ದಪ್ಪ ಇದೆ, ಹಿಡಿ ಒತ್ತಿ ಬಿಟ್ಟರೆ ಹೇಗೆ ವಾಪಸಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದೇ ಆರಿಸಿಕೊಂಡೆ. ಹಿಡಿಯ ತುದಿ ಬಾಗಿಲ ಕಡೆಗೆ ಬಾಗಿದೆ. ಚೂಪು ತುದಿಯ ನೇರ ಹಿಡಿ ನೋಡಲು ಸೊಗಸು, ಆದರೆ ಓಡಾಡುವಾಗ ಅಂಗಿಯ ತೋಳು, ಬ್ಯಾಗಿನ ಪಟ್ಟಿ ಎಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿದೆ. ಎರಡೂ ಕಡೆಯ ಪಟ್ಟಿಗಳನ್ನು ಬಾಗಿಲ ಮೂಲಕ ಹಾದುಹೋಗುವ ಉದ್ದ ಬೋಲ್ಟ್‌ಗಳು ಒಂದಕ್ಕೊಂದು ಎಳೆದು ಹಿಡಿಯುವ ಥರದ್ದೇ ಬೇಕು ಅಂತ. ಬರೀ ಮರದ ಸ್ಕ್ರೂ ಹಾಕಿದ ಹ್ಯಾಂಡಲನ್ನು ದಿನಾ ಎಳೆದೂ ಎಳೆದೂ ಮರದ ತೂತು ಸಡಿಲವಾಗುತ್ತದೆ. ನಮ್ಮ ಹಳೆಯದಕ್ಕೆ ಆಗಿದ್ದೂ ಅದೇ. ಬೋಲ್ಟ್ ಹಾದುಹೋಗಲು ಬಾಗಿಲಿಗೆ ಹೊಸ ತೂತು ಕೊರೆಯಬೇಕು, ನಿಜ. ಲಾಕಿನ ಪೆಟ್ಟಿಗೆಗೆ ತಗಲದ ಜಾಗ ನೋಡಿ, ಎರಡೂ ಕಡೆ ಗುರುತು ಹಾಕಿ, ಅರ್ಧ ಈ ಕಡೆಯಿಂದ ಅರ್ಧ ಆ ಕಡೆಯಿಂದ ಕೊರೆದರೆ ಬಾಗಿಲ ಮೈ ಸಿಬಿರೇಳುವುದಿಲ್ಲ.

ಹಳೆಯ ತೂತುಗಳಲ್ಲಿ ಎರಡು ಹೊಸ ಪಟ್ಟಿಯ ತೂತಿಗೆ ಹತ್ತಿರವೇ ಇದ್ದವು. ಹಾಗೇ ಬಿಟ್ಟರೆ ಹೊಸ ಸ್ಕ್ರೂ ಜಾರಿ ಹಳೆಯ ತೂತಿಗೇ ಇಳಿಯುತ್ತದೆ. ಬೆಂಕಿಕಡ್ಡಿಗಳ ಮದ್ದು ಮುರಿದು, ಮರದ ಅಂಟಿನಲ್ಲಿ ಅದ್ದಿ, ತೂತಿಗೆ ಒಂದರ ಪಕ್ಕ ಒಂದು ಬಿಗಿಯಾಗಿ ತುರುಕಿದೆ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ರಾತ್ರಿಯೆಲ್ಲ ಒಣಗಲು ಬಿಟ್ಟೆ. ಆ ರಾತ್ರಿ ಬಾಗಿಲಿಗೆ ಹ್ಯಾಂಡಲೇ ಇಲ್ಲ. ನಾಲಿಗೆ ಚೌಕಟ್ಟಿಗೆ ಬೀಳದಂತೆ ಅದರ ಮೇಲೆ ಟೇಪ್ ಸುತ್ತಿಟ್ಟೆ. ಬೆಳಗ್ಗೆ ಕಡ್ಡಿಗಳ ತುದಿಯನ್ನು ಬಾಗಿಲ ಮಟ್ಟಕ್ಕೆ ಬ್ಲೇಡಿನಲ್ಲಿ ಕತ್ತರಿಸಿದರೆ ಅದು ಮರವೇ.

ಹೊಸ ಸ್ಪಿಂಡಲ್ ಉದ್ದ ಜಾಸ್ತಿ ಇತ್ತು. ಇದು ಮಾಮೂಲು, ದಪ್ಪ ಬಾಗಿಲಿಗೂ ಆಗಲಿ ಅಂತ ಉದ್ದವೇ ಕೊಟ್ಟಿರುತ್ತಾರೆ. ಒಂದು ಹಿಡಿಗೆ ಪೂರ್ತಿ ಸಿಕ್ಕಿಸಿ ಬಾಗಿಲ ಮೂಲಕ ತೂರಿಸಿ, ಆ ಕಡೆಯ ಹಿಡಿ ಹಾಕಿ ನೋಡಿದೆ. ಪಟ್ಟಿಗೂ ಬಾಗಿಲಿಗೂ ನಡುವೆ ಎಷ್ಟು ಸಂದಿ ಉಳಿಯಿತೋ ಅಷ್ಟು, ಮೇಲೆ ಇನ್ನೆರಡು ಮಿ.ಮೀ. ಸೇರಿಸಿ ಹ್ಯಾಕ್ಸಾದಲ್ಲಿ ಕತ್ತರಿಸಿದೆ. ಕತ್ತರಿಸಿದ ತುದಿಯನ್ನು ಅರದಲ್ಲಿ ಉಜ್ಜಬೇಕು, ಇಲ್ಲದಿದ್ದರೆ ಹಿಡಿಯ ತೂತಿಗೆ ಹೋಗುವುದಿಲ್ಲ. ಬೋಲ್ಟ್ ಕತ್ತರಿಸುವಾಗ ಒಂದು ಉಪಾಯ: ಮೊದಲು ಅದಕ್ಕೊಂದು ನಟ್ ಹಾಕಿಕೊಂಡು, ಅದರಾಚೆಗೆ ಕತ್ತರಿಸಿ. ಆಮೇಲೆ ನಟ್ ತಿರುಗಿಸಿ ಹೊರಗೆ ತೆಗೆದರೆ ಬೋಲ್ಟಿನ ಹಾಳಾದ ಸುರುಳಿ ಗೆರೆ ತಾನೇ ನೆಟ್ಟಗಾಗುತ್ತದೆ.

ಕೂರಿಸುವಾಗ ಯಾವುದನ್ನೂ ಒಮ್ಮೆಗೇ ಬಿಗಿ ಮಾಡಬಾರದು. ಸ್ಪಿಂಡಲ್ ತೂರಿಸಿ, ಎರಡೂ ಪಟ್ಟಿ ಹಿಡಿದು, ಬೋಲ್ಟ್‌ಗಳನ್ನು ಬೆರಳಲ್ಲೇ ಹಿಡಿಸಿದೆ. ಕೀ ಹಾಕಿ ತಿರುಗಿಸಿ ನೋಡಿದೆ, ಹಿಡಿ ಒತ್ತಿ ನೋಡಿದೆ. ಆಮೇಲೆ ಮೇಲಿನದು ಅರ್ಧ ಸುತ್ತು, ಕೆಳಗಿನದು ಅರ್ಧ ಸುತ್ತು, ಪ್ರತಿ ಸಲವೂ ಹಿಡಿ ಒತ್ತಿ ಬಿಟ್ಟು ನೋಡುತ್ತಾ ಹೋದೆ. ಒಂದು ಹಂತದಲ್ಲಿ ಹಿಡಿ ಮೇಲೆ ಬರಲು ಸೋಮಾರಿತನ ತೋರಿಸಿತು. ಪಟ್ಟಿ ಕೂದಲೆಳೆಯಷ್ಟು ಓರೆ ಕೂತು ಸ್ಪಿಂಡಲನ್ನು ಬದಿಗೆ ಒತ್ತುತ್ತಿದೆ ಅಂತ ಅದರ ಅರ್ಥ. ಬೋಲ್ಟ್ ಸಡಿಲಿಸಿ, ಪಟ್ಟಿಯನ್ನು ಎಡಕ್ಕೆ ಚೂರು ಸರಿಸಿದೆ, ಸರಿಹೋಯಿತು. ಇಲ್ಲಿ ಡ್ರಿಲ್ ಮೆಷಿನ್ನಿಂದ ಸ್ಕ್ರೂ ಬಿಗಿಮಾಡುವ ಆಸೆ ಬೇಡ. ಒಳಗೆ ಟೊಳ್ಳಿರುವ ಬಾಗಿಲಾದರೆ ಅದು ಪಟ್ಟಿಯನ್ನು ಮರದೊಳಕ್ಕೇ ಒತ್ತಿಬಿಡುತ್ತದೆ, ಹಿಡಿಯೂ ಬಿಗಿದುಕೊಳ್ಳುತ್ತದೆ. ಕೈಗೆ ಸಿಗುವ ಹದ ಮೆಷಿನ್ನಿಗೆ ಸಿಗುವುದಿಲ್ಲ.

ಇಷ್ಟೂ ಬಾಗಿಲು ತೆರೆದೇ ಮಾಡಿದ್ದು. ಹತ್ತಾರು ಸಲ ಒತ್ತಿ ಬಿಟ್ಟು ನಂಬಿಕೆ ಬಂದ ಮೇಲೇ ಬಾಗಿಲು ಹಾಕಿದ್ದು, ಅದೂ ಒಳಗೆ ಒಬ್ಬರು ಹೊರಗೆ ಒಬ್ಬರು ನಿಂತು. ಹಾಕಿದಾಗ ನಾಲಿಗೆ ಚೌಕಟ್ಟಿನ ತಗಡಿಗೆ ಉಜ್ಜಿಕೊಂಡು ಬೀಳುತ್ತಿತ್ತು. ಹಳೆಯ ಹ್ಯಾಂಡಲಿನ ಗಲಾಟೆಯಲ್ಲಿ ಇದು ಗೊತ್ತೇ ಆಗಿರಲಿಲ್ಲ, ಹ್ಯಾಂಡಲ್ ಸ್ಪ್ರಿಂಗ್ ಸೋಲಲು ಇದೂ ಒಂದು ಕಾರಣ ಇರಬೇಕು. ನಾಲಿಗೆಯ ತುದಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ತೆಗೆದರೆ ತಗಡಿನ ಮೇಲೆ ಎಲ್ಲಿ ತಾಗುತ್ತಿದೆ ಅಂತ ಬಿಳಿ ಗುರುತು ಬೀಳುತ್ತದೆ. ಕೆಳ ಅಂಚಿನಲ್ಲಿ ಬಿದ್ದಿತ್ತು. ತಗಡಿನ ಆ ಅಂಚನ್ನು ಅರದಲ್ಲಿ ಒಂದಿಷ್ಟು ಉಜ್ಜಿದೆ. ನಾಲಿಗೆಗೆ ಚೂರು ಗ್ರೀಸ್ ಸವರಿದೆ. ಕೀ ಹಾಕುವ ಸಿಲಿಂಡರಿಗೆ ಮಾತ್ರ ಎಣ್ಣೆ, ಗ್ರೀಸ್ ಯಾವುದೂ ಬೇಡ, ಧೂಳು ಹಿಡಿದು ಅಂಟಾಗುತ್ತದೆ. ಅದಕ್ಕೆ ಗ್ರಾಫೈಟ್ ಪುಡಿ ಸಾಕು.

ಹೊಸ ಹ್ಯಾಂಡಲಿನ ಬೋಲ್ಟ್‌ಗಳು ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ, ಪಟ್ಟಿ ಮರಕ್ಕೆ ಒತ್ತಿಕೊಂಡು ಕೂರುವುದರಿಂದ. ನಮ್ಮದರಲ್ಲೂ ಮೇಲಿನ ಬೋಲ್ಟ್ ಕಾಲು ಸುತ್ತು ಹಿಡಿಯಿತು, ಹಿಡಿಯ ಕತ್ತಿನ ಮೋಟು ಸ್ಕ್ರೂ ಕೂಡ. ಅದರ ಅಲೆನ್ ಕೀಯನ್ನು ಹ್ಯಾಂಡಲ್ ಬಂದ ಡಬ್ಬಿಯಲ್ಲೇ ಹಾಕಿ, ಉಳಿದ ಬೋಲ್ಟ್ ತುಂಡುಗಳ ಜೊತೆ ಸ್ಕ್ರೂಡ್ರೈವರ್ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಹಳೆಯ ಹ್ಯಾಂಡಲಿನಿಂದ ಉಳಿಸಿಕೊಂಡಿದ್ದು ಸ್ಪಿಂಡಲ್ ಮಾತ್ರ. 8 ಮಿ.ಮೀ.ಯದು ಮನೆಯ ಇನ್ನೊಂದು ಬಾಗಿಲಿಗೂ ಆಗುತ್ತದೆ.