ಗಾಡಿ ಟ್ಯಾಂಕಿಗೆ ಮಲ್ಟಿಮೀಟರ್ ಕಟ್ಟಿದ ಕಥೆ

ಕಾರ್ಬುರೇಟರ್ ಬಿಚ್ಚಿ, ಜೆಟ್ ಕಳಚಿ, ಬಾಯಿಗಿಟ್ಟು ಊದುವುದು ನಾನು ಕಲಿತ ಮೊದಲ ವಿದ್ಯೆ. ಕಾರ್ಬುರೇಟರ್ ಅಂದರೆ ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗ; ಜೆಟ್ ಅಂದರೆ ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ಚೂರು. 1989ರಲ್ಲಿ, ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗ್ಯಾರೇಜಿನಲ್ಲಿ. ಆಗ ನನಗೆ 15 ವರ್ಷ. ಉಸ್ತಾದರು ಆ ಹಿತ್ತಾಳೆ ಚೂರನ್ನು ಬೆಳಕಿಗೆ ಹಿಡಿದು, "ತೂತಲ್ಲಿ ಆಕಾಶ ಕಾಣ್ತದಾ ನೋಡೋ" ಅನ್ನುತ್ತಿದ್ದರು. ಕಂಡರೆ ಸರಿ. ಕಾಣದಿದ್ದರೆ ಹಳೆ ಕ್ಲಚ್ ಕೇಬಲ್ಲಿನಿಂದ ಒಂದು ಎಳೆ ಕಿತ್ತು ಚುಚ್ಚುವುದು, ಮತ್ತೆ ಊದುವುದು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅನ್ನಕ್ಕೂ ಪೆಟ್ರೋಲ್ ರುಚಿ.

ಟ್ಯೂನಿಂಗ್ ಎಲ್ಲ ಕಿವಿಯಲ್ಲೇ. ಇಂಜಿನ್ ಬಿಸಿ ಮಾಡಿ, ಸ್ಲೋ ಸ್ಪೀಡ್ ಸ್ವಲ್ಪ ಏರಿಸಿ, ಏರ್ ಸ್ಕ್ರೂ ಅತ್ತಿತ್ತ ತಿರುಗಿಸುತ್ತಾ ಹೋಗಬೇಕು. ಎಲ್ಲಿ ಶಬ್ದ ತುಂಬಿಕೊಂಡು ಬರುತ್ತದೋ ಅಲ್ಲಿ ನಿಲ್ಲಿಸಬೇಕು. ಆಮೇಲೆ ಒಂದು ಸುತ್ತು ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಕಾಫಿ ಪುಡಿ ಬಣ್ಣ ಇದ್ದರೆ ಪಾಸ್, ಕಾಡಿಗೆ ಮೆತ್ತಿದ್ದರೆ ಪೆಟ್ರೋಲ್ ಜಾಸ್ತಿ, ಬೂದಿ ಹಾಗೆ ಬಿಳಿಚಿಕೊಂಡಿದ್ದರೆ ಕಡಿಮೆ. ನಮ್ಮ ಶಾಸ್ತ್ರ ಇಷ್ಟೇ. 1998ರಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೂ ನಾನು ಇದನ್ನೇ ಮಾಡಿದೆ, ನನ್ನ ಹುಡುಗರಿಗೂ ಇದನ್ನೇ ಕಲಿಸಿದೆ. ಇನ್ನೂ ಚೆನ್ನಾಗಿ ಮಾಡಬಹುದು ಅಂತ ಒಂದು ದಿನವೂ ಅನ್ನಿಸಲಿಲ್ಲ. ಯಾಕೆ ಅನ್ನಿಸಬೇಕು? ಊರಲ್ಲಿರುವ ಗಾಡಿಗೆಲ್ಲ ಕಾರ್ಬುರೇಟರೇ. ಗಿರಾಕಿ ಎಲ್ಲಿಗೆ ಹೋದರೂ ಊದುವ ಬಾಯಿ ಬೇರೆ, ಊದುವ ರೀತಿ ಅದೇ.

2006ರಲ್ಲಿ ಹೀರೋ ಹೋಂಡಾದವರು ಗ್ಲಾಮರ್ ಎಫ್‌ಐ ಬೈಕ್ ಬಿಟ್ಟರು. ಎಫ್‌ಐ ಅಂದರೆ ಫ್ಯೂಯೆಲ್ ಇಂಜೆಕ್ಷನ್, ಪೆಟ್ರೋಲನ್ನು ಕಂಪ್ಯೂಟರ್ ಲೆಕ್ಕದಲ್ಲಿ ಚಿಮ್ಮಿಸುವ ವ್ಯವಸ್ಥೆ. ಪರಿಚಯದ ಒಬ್ಬರು ಹೊಸ ಗಾಡಿ ತೋರಿಸಲು ಅಂಗಡಿಗೇ ತಂದರು. ಟ್ಯಾಂಕಿನ ಕೆಳಗೆ ಕಾರ್ಬುರೇಟರ್ ಇರಬೇಕಾದ ಕಡೆ ಇನ್ನೇನೋ ಕೂತಿತ್ತು. ಬೌಲ್ ಇಲ್ಲ, ಜೆಟ್ ಇಲ್ಲ, ಚೋಕ್ ಇಲ್ಲ. ಎಲ್ಲಿ ನೋಡಿದರೂ ವೈರು. ಸ್ಕ್ರೂಡ್ರೈವರ್ ಹಿಡಿದವನಿಗೆ ತಿರುಗಿಸಲು ಒಂದು ಸ್ಕ್ರೂ ಕೂಡ ಇಲ್ಲ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ಅಂದರೆ ಉತ್ಪ್ರೇಕ್ಷೆ ಅಲ್ಲ.

ಎರಡಕ್ಕೂ ಇರುವ ವ್ಯತ್ಯಾಸ ಇದು. ಕಾರ್ಬುರೇಟರಿನ ಗಂಟಲು ಕಿರಿದು. ಅಲ್ಲಿ ಗಾಳಿ ರಭಸವಾಗಿ ಹಾಯುವಾಗ ಒತ್ತಡ ಇಳಿಯುತ್ತದೆ, ಕೆಳಗಿನ ಬೌಲಿನಿಂದ ಪೆಟ್ರೋಲು ತಾನೇ ಮೇಲೆ ಬರುತ್ತದೆ. ಎಷ್ಟು ಬಂತು ಅಂತ ಲೆಕ್ಕ ಇಡುವವರು ಯಾರೂ ಇಲ್ಲ. ಎಫ್‌ಐನಲ್ಲಿ ಟ್ಯಾಂಕಿನ ಪಂಪು ಪೆಟ್ರೋಲನ್ನು ಹೆಚ್ಚುಕಡಿಮೆ 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಇಂಜೆಕ್ಟರ್ ಕೆಲವೇ ಮಿಲಿಸೆಕೆಂಡ್ ಬಾಯಿ ತೆರೆದು ಮುಚ್ಚುತ್ತದೆ. ಹೊರಹೋಗುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಸೈಲೆನ್ಸರ್ ಪೈಪಿನ ಸೆನ್ಸರ್ ಮೂಸಿ ನೋಡಿ ಹೇಳುತ್ತದೆ. ಅದರ ಮೇಲೆ ಮುಂದಿನ ಗುಟುಕಿನ ಅಳತೆ. ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ, ತೂಕದಲ್ಲಿ. ನಾವು ಕಿವಿಯಲ್ಲಿ ಹುಡುಕುತ್ತಿದ್ದದ್ದೂ ಅದನ್ನೇ, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಇನ್ನೆರಡು ವರ್ಷದಲ್ಲಿ ಕಾರ್ಬುರೇಟರ್ ಕಥೆ ಮುಗಿಯಿತು ಅಂದುಕೊಂಡೆ. ಆದದ್ದೇ ಬೇರೆ. ಬಜಾಜ್ 2007ರಲ್ಲಿ ಪಲ್ಸರ್ 220ಯನ್ನು ಎಫ್‌ಐನಲ್ಲೇ ತಂದಿತ್ತು. 2009ರಲ್ಲಿ ಅದೇ 220 ಮತ್ತೆ ಬಂತು, ಈ ಸಲ ಕಾರ್ಬುರೇಟರ್ ಹಾಕಿಕೊಂಡು! ಶಕ್ತಿ 20 ಪಿಎಸ್ ಇದ್ದದ್ದು 21 ಆಗಿತ್ತು, ಬೆಲೆ ಇಳಿದಿತ್ತು. ನಾನು ಆ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದೆ. ಮುದುಕ ಜಿಮ್‌ಗೆ ಹೋಗಿ ಬಂದ ಹಾಗಿತ್ತು.

ನಮ್ಮ ಅಂಗಡಿಗೆ ಬರುವ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು, "ಉಗಿಹಡಗು ಬಂದ ಮೇಲೇ ಹಾಯಿಹಡಗು ತುಂಬಾ ಚುರುಕಾಗಿದ್ದು ಕಣಯ್ಯ. ಇದಕ್ಕೆ ಹಾಯಿಹಡಗಿನ ಪರಿಣಾಮ ಅಂತಲೇ ಹೆಸರಿದೆ" ಅಂದರು. ಚಹಾದ ಪ್ರಸಿದ್ಧ ಹಾಯಿಹಡಗು ಕಟಿ ಸಾರ್ಕ್ ನೀರಿಗಿಳಿದದ್ದು 1869ರಲ್ಲಂತೆ, ಸೂಯೆಜ್ ಕಾಲುವೆ ತೆರೆದ ತಿಂಗಳಲ್ಲೇ. ಆ ಕಾಲುವೆಯೇ ಚಹಾ ಸಾಗಾಣಿಕೆಯನ್ನು ಉಗಿಹಡಗಿನ ಕೈಗೆ ಕೊಟ್ಟಿತಂತೆ. ನನಗೆ ಹಡಗು ಗೊತ್ತಿಲ್ಲ, ಕಾವೇರಿಯಲ್ಲಿ ತೆಪ್ಪ ನೋಡಿದ್ದೇನೆ. ಆದರೆ ಅವರ ಮಾತು ತಲೆಯಲ್ಲಿ ಕೂತಿತು. ಕಂಪನಿಯವರು ಹೆದರಿ ಚುರುಕಾದರೆ ನಾನೂ ಆಗಬಹುದಲ್ಲ?

ಗುಜರಿಯಲ್ಲಿ ಕಾರೊಂದರಿಂದ ಕಿತ್ತ ಆಕ್ಸಿಜನ್ ಸೆನ್ಸರ್ ಸಿಕ್ಕಿತು, 300 ರೂಪಾಯಿಗೆ. ನನ್ನದೇ ಹಳೆಯ ಸ್ಪ್ಲೆಂಡರಿನ ಬೆಂಡ್ ಪೈಪಿಗೆ ತೂತು ಹೊಡೆದು, 18 ಎಂಎಂ ನಟ್ ವೆಲ್ಡಿಂಗ್ ಮಾಡಿಸಿ, ಸೆನ್ಸರ್ ತಿರುಗಿಸಿ ಕೂರಿಸಿದೆ. ಅದರ ವೈರನ್ನು ಮಲ್ಟಿಮೀಟರಿಗೆ ಕೊಟ್ಟು, ಮಲ್ಟಿಮೀಟರನ್ನು ಟ್ಯಾಂಕಿನ ಮೇಲೆ ಇನ್ಸುಲೇಷನ್ ಟೇಪಿನಲ್ಲಿ ಸುತ್ತಿದೆ. ಈ ಸೆನ್ಸರ್ ಚೆನ್ನಾಗಿ ಬಿಸಿಯಾಗುವವರೆಗೆ ಬಾಯಿ ಬಿಡುವುದಿಲ್ಲ. ಬಿಸಿಯಾದ ಮೇಲೆ, ಪೆಟ್ರೋಲ್ ಕಡಿಮೆಯಿದ್ದರೆ 0.1 ವೋಲ್ಟಿನ ಆಸುಪಾಸು, ಜಾಸ್ತಿಯಿದ್ದರೆ 0.9, ಸರಿಯಿದ್ದರೆ 0.45ರ ಸುತ್ತ ತೂಗಾಡುತ್ತದೆ.

ಕಿವಿಯಲ್ಲಿ ಟ್ಯೂನ್ ಮಾಡಿದ ಗಾಡಿ, ಅದೂ ನನ್ನ ಸ್ವಂತದ್ದು. ರಿಂಗ್ ರೋಡಿನಲ್ಲಿ 40ರಲ್ಲಿ ಹೋಗುತ್ತಾ ನೋಡುತ್ತೇನೆ, 0.86. ನಿಧಾನಕ್ಕೆ ಹೋದರೂ 0.86. ಅಂಕಿ ಅಲ್ಲಾಡುತ್ತಲೇ ಇಲ್ಲ. ಮೀಟರ್ ಕೆಟ್ಟಿದೆ ಅಂದುಕೊಂಡು ಬೇರೆ ಮೀಟರ್ ಕಟ್ಟಿದೆ. ಅದೂ ಅದನ್ನೇ ಹೇಳಿತು. ಮಾರನೇ ದಿನ ಪೈಪಿಗೆ ನಟ್ ಹಾಕಿಸಲು ಒಪ್ಪಿದ ಇಬ್ಬರು ಗೆಳೆಯರ ಗಾಡಿ ನೋಡಿದೆ, ಅವೂ ನಾನೇ ಟ್ಯೂನ್ ಮಾಡಿದ್ದವು, ಅವೂ ಹಾಗೆಯೇ. ಇಪ್ಪತ್ತು ವರ್ಷ ಊರಿನ ಜನಕ್ಕೆಲ್ಲ ಪೆಟ್ರೋಲ್ ಜಾಸ್ತಿ ಕುಡಿಸಿದ್ದೆ.

ಕಿವಿ ಯಾಕೆ ಮೋಸ ಹೋಯಿತು ಅಂತ ಯೋಚಿಸಿದೆ. ಪೆಟ್ರೋಲ್ ತುಸು ಜಾಸ್ತಿಯಾದ ಇಂಜಿನ್ ಮೆತ್ತಗೆ, ತುಂಬಿಕೊಂಡು ಓಡುತ್ತದೆ. ಕಡಿಮೆಯಾದರೆ ಸಿಡಿಮಿಡಿ ಅನ್ನುತ್ತದೆ. ಕಿವಿಗೆ ಮೆತ್ತಗಿನದೇ ಇಷ್ಟ. ಉಸ್ತಾದರ ಕಿವಿಗೂ, ನನ್ನ ಕಿವಿಗೂ.

ಇನ್ನೊಂದು ತಪ್ಪು ಜೆಟ್ಟಿನಲ್ಲೇ ಇತ್ತು. ಜೆಟ್ಟಿನ ಮೇಲೆ ನಂಬರ್ ಕೊರೆದಿರುತ್ತದೆ, ತೂತಿನ ಅಳತೆ ಅದು. ಹಿತ್ತಾಳೆ ಮೆತ್ತಗಿನ ಲೋಹ, ನಾವು ಚುಚ್ಚುತ್ತಿದ್ದ ಕೇಬಲ್ ಎಳೆ ಉಕ್ಕು. ಪ್ರತಿ ಸರ್ವಿಸಿಗೆ ಒಂದಿಷ್ಟು ಸವೆದು ತೂತು ಹಿಗ್ಗುತ್ತಿತ್ತು. ನಂಬರ್ ಮಾತ್ರ ಹಾಗೇ ಇರುತ್ತಿತ್ತು! ಅವತ್ತಿನಿಂದ ಚುಚ್ಚುವುದನ್ನು ನಿಲ್ಲಿಸಿದೆ. ಒಡವೆ ಅಂಗಡಿಯವರು ಬಳಸುವ ಸಣ್ಣ ಅಲ್ಟ್ರಾಸೋನಿಕ್ ಡಬ್ಬಿ ತಂದು, ಬಿಸಿ ಸೋಪು ನೀರಿನಲ್ಲಿ ಹದಿನೈದು ನಿಮಿಷ ಇಟ್ಟು ತೆಗೆದರೆ, ನಾವು ಯಾವತ್ತೂ ಮುಟ್ಟದಿದ್ದ ಸಂದಿಗಳಿಂದಲೂ ಹಸಿರು ಕಿಟ್ಟ ಬಿಟ್ಟುಕೊಂಡು ಬರುತ್ತಿತ್ತು.

ಸ್ಪ್ಲೆಂಡರಿಗೆ ಹೊಸ ಮೇನ್ ಜೆಟ್ ಹಾಕಿ, ನೀಡಲ್ಲಿನ ಕ್ಲಿಪ್ಪನ್ನು ಒಂದು ಮೆಟ್ಟಿಲು ಮೇಲಕ್ಕೆ ಹಾಕಿದೆ. ಕ್ಲಿಪ್ ಮೇಲೆ ಹೋದರೆ ನೀಡಲ್ ಕೆಳಗಿಳಿಯುತ್ತದೆ, ಪೆಟ್ರೋಲ್ ದಾರಿ ಕಿರಿದಾಗುತ್ತದೆ. ಹುಡುಗರಿಗೆ ಇದು ಯಾವಾಗಲೂ ಉಲ್ಟಾ ಹೊಡೆಯುತ್ತದೆ. ಈಗ 40ರಲ್ಲಿ ಮೀಟರಿನ ಅಂಕಿ 0.3ರಿಂದ 0.6ರ ನಡುವೆ ಕುಣಿಯತೊಡಗಿತು. ಪೂರ್ತಿ ರೇಸ್ ಕೊಟ್ಟಾಗ 0.8ರ ಮೇಲೆ ಹೋಗುವಂತೆ ಬಿಟ್ಟೆ. ಗಾಳಿಯಿಂದ ತಣಿಯುವ ಇಂಜಿನ್ನು, ಜೋರು ಕೆಲಸದಲ್ಲಿ ಅದಕ್ಕೆ ಸ್ವಲ್ಪ ಜಾಸ್ತಿ ಪೆಟ್ರೋಲೇ ತಂಪು.

ಮೈಲೇಜ್ ನೋಡಿದ್ದು ಗ್ಲೂಕೋಸ್ ಬಾಟ್ಲಿಯಲ್ಲಿ. ಹ್ಯಾಂಡಲ್ಲಿಗೆ ನೇತುಹಾಕಿ, ಅದರ ಟ್ಯೂಬನ್ನೇ ಕಾರ್ಬುರೇಟರಿಗೆ ಸಿಕ್ಕಿಸುವುದು. ಮೊದಲು ಬೌಲ್ ಒಣಗಿ ಗಾಡಿ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಆಮೇಲೆ ಅಳೆದು 100 ಎಂಎಲ್ ಹಾಕಿ, ಮತ್ತೆ ನಿಲ್ಲುವವರೆಗೆ ಹೋಗಬೇಕು. ಮುಂಚೆ 5.1 ಕಿಲೋಮೀಟರಿಗೆ ನಿಂತಿದ್ದ ಗಾಡಿ ಈಗ 5.9ಕ್ಕೆ ನಿಂತಿತು. ಲೀಟರಿಗೆ 51 ಇದ್ದದ್ದು 59. ಆ 8 ಕಿಲೋಮೀಟರ್ ಕಾರ್ಬುರೇಟರಿನೊಳಗೆ ಮೊದಲಿನಿಂದಲೂ ಇತ್ತು. ಅದನ್ನು ಹುಡುಕಿಸಿದ್ದು ಎಫ್‌ಐ ಭಯ, ಹುಡುಕಿಕೊಟ್ಟದ್ದು ಎಫ್‌ಐನದೇ ಮೂಗು.

ಗೆದ್ದ ಅಮಲಿನಲ್ಲಿ ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಅಲ್ಲೇ ತಯಾರಾದ ತಮ್ಮ ಯೆಜ್ಡಿ ಬೈಕ್ ತಂದರು. ಫ್ಯಾಕ್ಟರಿ 1996ರಲ್ಲೇ ಮುಚ್ಚಿದೆ, ಗಾಡಿ ಮಾತ್ರ ಕನ್ನಡಿಯ ಹಾಗಿದೆ. ಅದಕ್ಕೂ ಸೆನ್ಸರ್ ಹಾಕಿದೆ. ಟೂ ಸ್ಟ್ರೋಕಿನ ಹೊಗೆಯಲ್ಲಿ ಸುಡದ ಗಾಳಿಯೂ ಆಯಿಲೂ ಸೇರಿಯೇ ಬರುವುದರಿಂದ ಅಂಕಿಗೆ ಅರ್ಥವಿರಲಿಲ್ಲ, ಎರಡೇ ದಿನದಲ್ಲಿ ಸೆನ್ಸರ್ ಮಸಿ ಹಿಡಿದು ಸತ್ತಿತು. ಅಲ್ಲಿಗೆ ಬಿಡಬೇಕಿತ್ತು. ಇದೂ ಜಾಸ್ತಿಯೇ ಕುಡಿಯುತ್ತಿರಬೇಕು ಅಂತ ಅಂದಾಜಿನ ಮೇಲೆ ಮೇನ್ ಜೆಟ್ಟನ್ನು ಸಣ್ಣ ನಂಬರಿಗೆ ಇಳಿಸಿದೆ. ಯೆಜ್ಡಿಯಲ್ಲಿ ಆಯಿಲ್ ಹೋಗುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿ ಮಾತ್ರ ಜಾಸ್ತಿ. ಚಾಮುಂಡಿ ಬೆಟ್ಟದ ಏರಿನಲ್ಲಿ ಪಿಸ್ಟನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಉಜ್ಜಿಕೊಂಡು ನಿಂತಿತು, ಪುಣ್ಯಕ್ಕೆ ಅವರಿಗೇನೂ ಆಗಲಿಲ್ಲ. ಬೈಯಲೂ ಇಲ್ಲ. "ಆ ನಂಬರ್ನ ನಾವು ಸುಮ್‌ಸುಮ್ನೆ ಹಾಕಿದ್ವಾ ಮಗಾ?" ಅಂತ ಕೇಳಿದರು ಅಷ್ಟೆ. ಬೋರ್ ಮಾಡಿಸಿ, ಪಿಸ್ಟನ್ ಹಾಕಿ, ಹಳೇ ನಂಬರಿನ ಜೆಟ್ಟನ್ನೇ ವಾಪಸ್ ಕೂರಿಸಿ ಕೊಟ್ಟೆ, ನನ್ನ ಖರ್ಚಿನಲ್ಲಿ.

ನಾನು ಟೇಪ್ ಸುತ್ತಿ ಮಾಡಿದ್ದನ್ನು ಅಮೆರಿಕದಲ್ಲಿ ಯಾವತ್ತೋ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ 1967ರಲ್ಲೇ ಫೋಕ್ಸ್‌ವ್ಯಾಗನ್ ಕಾರಿಗೆ ಬಂದಿತ್ತು. 1981ರ ಜನರಲ್ ಮೋಟರ್ಸ್ ಕಾರುಗಳಲ್ಲಿ ಕಾರ್ಬುರೇಟರಿಗೇ ಆಕ್ಸಿಜನ್ ಸೆನ್ಸರ್, ಕಂಪ್ಯೂಟರ್, ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಸಾಲಿನಾಯ್ಡ್ ಎಲ್ಲ ಜೋಡಿಸಿದ್ದರು. ಅಷ್ಟೆಲ್ಲ ಆದರೂ ಹತ್ತೇ ವರ್ಷದಲ್ಲಿ ಅಲ್ಲಿನ ಹೊಸ ಕಾರುಗಳಿಂದ ಕಾರ್ಬುರೇಟರ್ ಮಾಯ.

ಯಾಕೆ ಮಾಯವಾಯಿತು ಅನ್ನುವುದು ನನಗೆ ಅರ್ಥವಾದದ್ದು 2017ರಲ್ಲಿ. ಆ ವರ್ಷ ಏಪ್ರಿಲ್ 1ರಿಂದ ಬಿಎಸ್3, ಅಂದರೆ ಹೊಗೆ ನಿಯಮದ ಹಳೇ ಮಟ್ಟದ ಗಾಡಿ ಮಾರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಮಾರ್ಚ್ 29ಕ್ಕೆ ಹೇಳಿತು. ಎರಡು ದಿನ ಶೋರೂಮುಗಳ ಮುಂದೆ ಜಾತ್ರೆ, ನನ್ನ ಫೋನಿಗೆ ಬಿಡುವಿಲ್ಲ, "ಅಣ್ಣಾ, ಡಿಸ್ಕೌಂಟಲ್ಲಿ ಕೊಡ್ತಾವ್ರೆ, ತಗೊಳ್ಲಾ?" ಇರಲಿ. ಆಮೇಲೆ ಬಂದ ಬಿಎಸ್4 ಬೈಕೊಂದರ ಕಾರ್ಬುರೇಟರನ್ನು ಮೊದಲ ಸಲ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಪಕ್ಕದಲ್ಲಿ ಮೂರು ವೈರಿನ ಥ್ರಾಟಲ್ ಸೆನ್ಸರ್. ನೀವು ಎಷ್ಟು ರೇಸ್ ಕೊಟ್ಟಿದ್ದೀರಿ ಅಂತ ಅದು ಇಗ್ನಿಷನ್ ಡಬ್ಬಿಗೆ ತಿಳಿಸುತ್ತದೆ, ಕಿಡಿಯ ಸಮಯ ಅದರಂತೆ ಬದಲಾಗುತ್ತದೆ. ಮೇಲೆ ರಬ್ಬರ್ ಡಯಾಫ್ರಮ್. ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡನ್ನು ಇಲ್ಲಿ ಎತ್ತುವುದು ನಿಮ್ಮ ಕೈಯಲ್ಲ. ಕೈ ಬರೀ ಚಿಟ್ಟೆಕವಾಟ ತೆರೆಯುತ್ತದೆ, ಇಂಜಿನ್ ಎಷ್ಟು ಎಳೆಯುತ್ತದೋ ಅಷ್ಟೇ ಸ್ಲೈಡ್ ಏಳುತ್ತದೆ. ಆತುರಗಾರ ಒಮ್ಮೆಲೇ ಹಿಂಡಿದರೂ ಪೆಟ್ರೋಲ್ ಸುರಿಯುವುದಿಲ್ಲ. ಇದೇನೂ ಹೊಸ ಜ್ಞಾನವಲ್ಲ, ನಮ್ಮ ಹಳೇ ಅಂಬಾಸಿಡರಿನ ಎಸ್‌ಯು ಕಾರ್ಬುರೇಟರ್ ಕೂಡ ಇಂಥದ್ದೇ ತತ್ವದ್ದು. ಗೊತ್ತಿದ್ದದ್ದನ್ನು ಬೇಕಾಗುವವರೆಗೆ ಅಟ್ಟದ ಮೇಲೆ ಇಟ್ಟಿದ್ದರು.

ಏರ್ ಸ್ಕ್ರೂ ಹುಡುಕಿದೆ. ಅದರ ಬಾಯಿಗೆ ಬಿರಡೆ ಹೊಡೆದು ಮುಚ್ಚಿದ್ದರು. ಯಾರೂ ಮುಟ್ಟಬಾರದು ಅಂತ.

ಅಲ್ಲಿ ಕೈ ನಿಂತುಬಿಟ್ಟಿತು. ಕಾರ್ಬುರೇಟರಿನ ಪರವಾಗಿ ನಾನು ಅಷ್ಟು ವರ್ಷ ವಾದ ಮಾಡಿದ್ದು ಯಾವ ಬಲದ ಮೇಲೆ? ಹಳ್ಳಿಯ ಮೂಲೆಯಲ್ಲಿ ಕೆಟ್ಟು ನಿಂತರೂ ಒಂದು ಸ್ಕ್ರೂಡ್ರೈವರಿನಲ್ಲಿ ರಿಪೇರಿ ಆಗುತ್ತದೆ ಅಂತ ತಾನೆ? ಎಫ್‌ಐ ಜೊತೆ ಗುದ್ದಾಡಿ ಗುದ್ದಾಡಿ ಅದಕ್ಕೂ ವೈರು ಬಂದಿತ್ತು, ಸೆನ್ಸರ್ ಬಂದಿತ್ತು, ಬಾಗಿಲಿಗೆ ಬೀಗ ಬಿದ್ದಿತ್ತು. ಕೊನೆಯ ಕಾರ್ಬುರೇಟರ್ ನಾನು ಕಂಡ ಅತ್ಯುತ್ತಮ ಕಾರ್ಬುರೇಟರ್, ಅನುಮಾನವಿಲ್ಲ. ಆದರೆ ಅದನ್ನು ಇಟ್ಟುಕೊಳ್ಳಲು ಇದ್ದ ಕಾರಣವೇ ಹೋಗಿತ್ತು. 2020ರ ಏಪ್ರಿಲ್ 1ಕ್ಕೆ ಬಿಎಸ್6 ಬಂದು ಹೊಸ ಬೈಕುಗಳು ಬಹುಪಾಲು ಎಫ್‌ಐ ಆದಾಗ ನನಗೆ ದುಃಖವೂ ಆಗಲಿಲ್ಲ. ಅಷ್ಟರಲ್ಲಿ ಎಫ್‌ಐ ಗಾಡಿಯ ದೋಷ ಓದಿ ಹೇಳುವ ಸ್ಕ್ಯಾನರ್ ಕೊಂಡಿದ್ದೆ.

ಈಗ ಎಫ್‌ಐ ಗಾಡಿಗೆ ಹೆದರುವ ಸರದಿ. ಬ್ಯಾಟರಿ ಸ್ಕೂಟರುಗಳು ಸದ್ದಿಲ್ಲದೆ ಅಂಗಡಿ ಮುಂದೆಯೇ ಹಾದು ಹೋಗುತ್ತವೆ, ಅವುಗಳಿಂದ ನನಗೆ ಪಂಚರ್, ಬ್ರೇಕ್ ಬಿಟ್ಟರೆ ಕೆಲಸ ಕಡಿಮೆ. ಪೆಟ್ರೋಲ್ ಸ್ಕೂಟರುಗಳು ಸುಮ್ಮನೆ ಕೂತಿಲ್ಲ. ಹಳೇ ಸೆಲ್ಫಿನ ಕಿರ್ರ್ ಸದ್ದನ್ನು ಹಲವು ಗಾಡಿಗಳು ಬಿಟ್ಟಾಗಿದೆ, ಸ್ಟಾರ್ಟ್ ಮಾಡುವುದೂ ಚಾರ್ಜ್ ಮಾಡುವುದೂ ಒಂದೇ ಮೋಟರ್. 2024ರಲ್ಲಿ ಬಂದ ಟಿವಿಎಸ್ ಜುಪಿಟರ್ 110ರಲ್ಲಿ ಅಂಥ ಮೋಟರು ಓವರ್‌ಟೇಕ್ ಮಾಡುವಾಗ ಇಂಜಿನ್ನಿಗೆ ಹೆಗಲೂ ಕೊಡುತ್ತದೆ. ಮತ್ತೆ ಎದುರಾಳಿ ಮನೆಯದೇ ಸಾಮಾನು.

ಮೊನ್ನೆ ಅಂಥದ್ದೊಂದು ಸ್ಕೂಟರ್ ಸರ್ವಿಸಿಗೆ ಬಂತು. ಹುಡುಗ ಬಟನ್ ಒತ್ತಿ, "ಅಣ್ಣಾ, ಸ್ಟಾರ್ಟ್ ಆಯ್ತು, ನೋಡಿ" ಅಂದ. ಅಭ್ಯಾಸಬಲ, ಬಗ್ಗಿ ಕಿವಿ ಕೊಟ್ಟೆ. ರಸ್ತೆಯ ಗಲಾಟೆಯಲ್ಲಿ ಏನೂ ಕೇಳಲಿಲ್ಲ. ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದೆ, ಬಿಸಿಗಾಳಿ ತಾಗಿತು. ಆಗಲೇ ಸ್ಟಾರ್ಟ್ ಆಗಿತ್ತು.